ನಮ್ಮ ಬಟ್ಟೆ, ನಮ್ಮ ಮೆಟ್ಟು, ನಮ್ಮ ಬಣ್ಣ

'ಅಟ್ರಾಸಿಟಿ ಆಕ್ಟ್' ಅಂತ ನಾವು ಕರೆಯೋ 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ ನಂಬರುಗಳು ನಮ್ಮಲ್ಲಿ ಬಹಳ ಜನಕ್ಕೆ ಬಾಯಿಪಾಠ. ದೂರು ತಗೊಳ್ಳಿ ಅಂತ ಠಾಣೆ ಮುಂದೆ ರಾತ್ರಿಯೆಲ್ಲಾ ಕೂತವರಿಗೆ ಬಾಯಿಪಾಠ ಆಗದೆ ಇನ್ನೇನಾಗುತ್ತೆ. ಆದರೆ ನಂಬರು ಬಿಟ್ಟು ಅದರೊಳಗಿನ ಪದಗಳನ್ನ ಒಂದ್ಸಲ ನಿಧಾನವಾಗಿ ಓದಿ. ದಲಿತರ, ಆದಿವಾಸಿಗಳ ಮೈಮೇಲಿನ ಬಟ್ಟೆ ಬಲವಂತವಾಗಿ ಬಿಚ್ಚಿಸೋದು ಅಪರಾಧ. ಬೆತ್ತಲೆ ಮೆರವಣಿಗೆ ಮಾಡೋದು ಅಪರಾಧ. ಮುಖಕ್ಕೆ, ಮೈಗೆ ಬಣ್ಣ ಬಳಿದು ಮೆರವಣಿಗೆ ಮಾಡೋದು ಅಪರಾಧ. 2015ರಲ್ಲಿ ತಿದ್ದುಪಡಿ ಆಗಿ 2016ರ ಜನವರಿ 26ರಿಂದ ಜಾರಿಗೆ ಬಂದ ಕಾಯ್ದೆಯಲ್ಲಿ ಇನ್ನೂ ಕೆಲವು ಸೇರಿದವು. ಚಪ್ಪಲಿ ಹಾರ ಹಾಕೋದು, ತಲೆ ಬೋಳಿಸೋದು, ಮೀಸೆ ತೆಗೆಸೋದು. ಸಾರ್ವಜನಿಕ ಜಾಗದಲ್ಲಿ ಮೆಟ್ಟು ಮೆಟ್ಟಿಕೊಂಡು, ಹೊಸ ಬಟ್ಟೆ ಹಾಕ್ಕೊಂಡು ಓಡಾಡೋರನ್ನ ತಡೆಯೋದು.

ಹೊಸ ಬಟ್ಟೆ. ಮೆಟ್ಟು. ಬಣ್ಣ. ಈ ದೇಶದ ಪಾರ್ಲಿಮೆಂಟು 2015ರಲ್ಲೂ ಕೂತು ಈ ಪದಗಳನ್ನ ಕ್ರಿಮಿನಲ್ ಕಾನೂನಿನೊಳಗೆ ಬರೆಯಬೇಕಾಯ್ತು. ಯಾರೋ ಊಹೆ ಮಾಡಿ ಬರೆದಿದ್ದಲ್ಲ. ನಡೀತಿತ್ತು, ನಡೀತಾ ಇದೆ, ಅದಕ್ಕೇ ಬರೆದ್ರು.

ಇದನ್ನ ಈಗ ಯಾಕೆ ಎತ್ತಿದೆ ಅಂದ್ರೆ, ಈ ಏಪ್ರಿಲ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಎ.ಕೆ. ಕಾಲೋನಿಯ ಹುಡುಗ ಹುಡುಗೀರು ಜಯಂತಿಗೆ ಟೀ ಶರ್ಟ್ ಪ್ರಿಂಟ್ ಹಾಕಿಸಲಿಲ್ಲ. ಸಮುದಾಯ ಭವನದಲ್ಲಿ ಚಾಪೆ ಹಾಸಿ ಕೂತು, ಫ್ಯಾಬ್ರಿಕ್ ಪೇಂಟ್ ತಂದು, ತಮ್ಮ ಶರ್ಟು, ವೇಲು, ಕ್ಯಾನ್ವಾಸ್ ಶೂಗಳ ಮೇಲೆ ತಾವೇ ಬರೆದ್ರು. ಫೋಟೋ ನೋಡಿದ ಹಿರಿಯ ಸಂಗಾತಿಯೊಬ್ಬರು ಫೋನ್ ಮಾಡಿ ಬೈದ್ರು. "ಬಾಬಾಸಾಹೇಬ್ರು ಸೂಟು ಬೂಟು ಹಾಕಿ ತೋರಿಸಿದ್ರಪ್ಪ. ನೀವು ಮಕ್ಕಳಿಗೆ ಬಟ್ಟೆ ಮೇಲೆ ಗೀಚೋದು ಕಲಿಸ್ತಿದ್ದೀರಿ. ಇದು ಕಾನ್ವೆಂಟ್ ಮಕ್ಕಳ ಶೋಕಿ, ನಮಗ್ಯಾಕೆ?" ಅಂದ್ರು. ಅವರ ಬಗ್ಗೆ ನನಗೆ ಗೌರವ ಇದೆ. ಲಾಠಿ ತಿಂದವರು. ಆದ್ರೆ ಅವರ ಪ್ರಶ್ನೆಗೆ ಫೋನಲ್ಲಿ ಉತ್ತರ ಹೇಳೋಕಾಗಲ್ಲ, ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಮನುಸ್ಮೃತಿಯ ಹತ್ತನೇ ಅಧ್ಯಾಯ ತೆಗೀರಿ. ಚಂಡಾಲರು ಊರ ಹೊರಗಿರಬೇಕು, ಹೆಣದ ಮೇಲಿನ ಬಟ್ಟೆ ಉಡಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು, ಒಡವೆ ಅಂದ್ರೆ ಕಬ್ಬಿಣದ್ದು ಮಾತ್ರ. ಅಷ್ಟಕ್ಕೇ ನಿಲ್ಲಲ್ಲ. ಕೆಲಸಕ್ಕಾಗಿ ಹಗಲು ಊರೊಳಗೆ ಬರೋದಾದ್ರೆ ರಾಜನ ಆಜ್ಞೆಯ ಗುರುತು ಹೊತ್ತು ಬರಬೇಕು ಅನ್ನುತ್ತೆ. ಗುರುತು! ಯಾರು ಅಂತ ದೂರದಿಂದಲೇ ಗೊತ್ತಾಗಬೇಕು. ಅದೇ ಅಧ್ಯಾಯದಲ್ಲಿ, ಸೇವೆ ಮಾಡೋ ಶೂದ್ರನಿಗೆ ಉಳಿದ ಎಂಜಲು ಅನ್ನ, ಹಳೇ ಜೀರ್ಣ ಬಟ್ಟೆ ಕೊಡಬೇಕು ಅಂತಲೂ ಇದೆ. ನಮ್ಮಜ್ಜಿ ಈ ಪುಸ್ತಕದ ಹೆಸರೂ ಕೇಳಿರಲಿಲ್ಲ. ಆದರೆ ಹಬ್ಬಕ್ಕೆ ಗೌಡರ ಮನೆ ಹಿತ್ತಲಲ್ಲಿ ಸೆರಗೊಡ್ಡಿ ನಿಂತು ಹಳೇ ಸೀರೆ ಇಸ್ಕೊಂಡಿದ್ದು, ಊರ ಅರಳಿಕಟ್ಟೆ ದಾಟೋವರೆಗೂ ಮೆಟ್ಟು ಕೈಲಿ ಹಿಡ್ಕೊಂಡು ನಡೆದಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಪುಸ್ತಕ ಓದದೆಯೇ ಪುಸ್ತಕದ ಪ್ರಕಾರ ಬದುಕಿಸಿದ್ರು ಅವಳನ್ನ.

ಇಲ್ಲಿ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ಆ ಬಟ್ಟೆ ನೇಯ್ದವರಲ್ಲಿ ನಾವೂ ಇದ್ವಿ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಬೆಂಗಳೂರು ಭಾಗದ ನೇಕಾರರ ಬಗ್ಗೆ ಬರೀತಾ, ಹೊಲೆಯರು ನೇಯುತ್ತಿದ್ದ ಒರಟು, ಗಟ್ಟಿ ಬಿಳಿ ಬಟ್ಟೆಯನ್ನೂ ದಾಖಲಿಸಿದ. ನೂರು ವರ್ಷದ ಹತ್ತಿರ ಆದ ಮೇಲೆ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ, ಹೊಲೆಯರು ಕೈಮಗ್ಗದಲ್ಲಿ ಒರಟು ಬಟ್ಟೆಯನ್ನ ಸಾಕಷ್ಟು ಪ್ರಮಾಣದಲ್ಲಿ ನೇಯುತ್ತಾರೆ ಅಂತ ಬರೆದ್ರು. ದೊಡ್ಡಬಳ್ಳಾಪುರ ಅಂದ್ರೆ ಇವತ್ತು ಪವರ್‌ಲೂಮ್, ರೇಷ್ಮೆ ಸೀರೆ. ನೇಕಾರಿಕೆಯ ಇತಿಹಾಸ ಹೇಳುವಾಗ ಕೇರಿಯ ಮಗ್ಗದ ಮಾತು ಯಾರೂ ಎತ್ತಲ್ಲ. ಸೀರೆ ಮಾತ್ರ ಇತಿಹಾಸ, ಒರಟು ಬಟ್ಟೆಗೆ ಇತಿಹಾಸ ಇಲ್ಲ.

ಮೆಟ್ಟಿನ ಕಥೆಯೂ ಅದೇ. ಚರ್ಮ ಹದ ಮಾಡಿದವರು, ಹೊಲಿದವರು ಮಾದಿಗರ ಹಟ್ಟಿಯವರು. ಊರಿನ ಅಷ್ಟೂ ಕಾಲಿಗೆ ಮೆಟ್ಟು ಕೊಟ್ಟವರು ತಾವು ಹೊಲಿದದ್ದನ್ನ ಊರೊಳಗೆ ಮೆಟ್ಟೋ ಹಾಗಿಲ್ಲ. ಕಲ್ಯಾಣದ ಹರಳಯ್ಯನವರ ಕಥೆ ನಿಮಗೆಲ್ಲ ಗೊತ್ತು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನವರಿಗೆ ಪಾದರಕ್ಷೆ ಮಾಡಿದರು, ಬಸವಣ್ಣ ಅದನ್ನ ಮೆಟ್ಟಲಿಲ್ಲ ಅಂತ ಶರಣ ಪರಂಪರೆ ಹೇಳುತ್ತೆ. ನನಗೆ ಈ ಕಥೆಯಲ್ಲಿ ಒಂದು ತಕರಾರು ಇದೆ. ನಮ್ಮವರ ಭಕ್ತಿ ಅಳೆಯೋಕೆ ಯಾವಾಗಲೂ ನಮ್ಮ ಚರ್ಮವೇ ಯಾಕೆ ಬೇಕು? ಆದರೆ ಅದರ ಮುಂದಿನ ಭಾಗಕ್ಕೆ ತಕರಾರಿಲ್ಲ. ಆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆ ಆಯ್ತು, ಆ ಮದುವೆಗೆ ಇಬ್ಬರು ತಂದೆಯರೂ ಜೀವ ತೆತ್ತರು, ಕಲ್ಯಾಣ ಹೊತ್ತಿ ಉರಿಯಿತು. ಮೆಟ್ಟು ಹೊಲಿಯೋ ಕೈ ಇನ್ನೊಂದು ಕೈ ಹಿಡಿದಿದ್ದಕ್ಕೆ.

ಇದೆಲ್ಲ ಹನ್ನೆರಡನೇ ಶತಮಾನ ಅಂತೀರಾ? 2023ರ ಡಿಸೆಂಬರ್‌ನಲ್ಲಿ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ರಾಜವೂರಿನಲ್ಲಿ ಸುಮಾರು ಅರವತ್ತು ದಲಿತರು ಒಟ್ಟಾಗಿ ಒಂದು ಬೀದಿಯಲ್ಲಿ ಚಪ್ಪಲಿ ಹಾಕ್ಕೊಂಡು ನಡೆದ್ರು. ಅಷ್ಟೇ, ನಡೆದ್ರು. ಅದು ಪೇಪರ್‌ನಲ್ಲಿ ಸುದ್ದಿ ಆಯ್ತು, ಯಾಕಂದ್ರೆ ಅಲ್ಲಿವರೆಗೂ ಆ ಬೀದಿಯಲ್ಲಿ ಅವರು ಬರಿಗಾಲು.

ಬಟ್ಟೆಯ ಮೇಲೆ ಕಾನೂನು ಮಾಡೋ ಚಾಳಿ ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. 1739ರಲ್ಲಿ ಅಮೆರಿಕದ ಸೌತ್ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ರು. ಮರುವರ್ಷ, 1740ರಲ್ಲಿ, ಅಲ್ಲಿನ ಬಿಳಿಯರು ತಂದ ಕಾಯ್ದೆಯಲ್ಲಿ ಗುಲಾಮರು ಯಾವ ಯಾವ ಬಟ್ಟೆ ಹಾಕಬಹುದು ಅನ್ನೋ ಪಟ್ಟಿಯೇ ಇತ್ತು. ಎಲ್ಲ ಅಗ್ಗದ ಒರಟು ಬಟ್ಟೆ. ಅದಕ್ಕಿಂತ ಒಳ್ಳೇದು ಹಾಕಿದ್ರೆ ಕಾನ್‌ಸ್ಟೇಬಲ್ ಕಿತ್ಕೋಬಹುದಿತ್ತು. ಪಕ್ಕದ ತಿರುವಾಂಕೂರಿನಲ್ಲಿ ನಾಡಾರ್ ಹೆಂಗಸರು ಎದೆ ಮುಚ್ಚೋ ಹಕ್ಕಿಗೆ ದಶಕಗಟ್ಟಲೆ ಹೊಡೆದಾಡಿ, 1859ರ ಜುಲೈನಲ್ಲಿ ರಾಜಾಜ್ಞೆ ಪಡೆದ್ರು. ಆ ಆಜ್ಞೆಯಲ್ಲೂ ಒಂದು ಕೊಕ್ಕೆ ಇತ್ತು: ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿ ಹೆಂಗಸರ ಥರ ಮುಚ್ಚಿಕೊಳ್ಳೋ ಹಾಗಿಲ್ಲ. ಬಟ್ಟೆ ಕೊಟ್ಟರೂ ಗುರುತು ಬಿಡಲಿಲ್ಲ ನೋಡಿ.

ಸ್ವತಂತ್ರ ಭಾರತದ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ ಬರೋಣ. ಆಮೇಲೆ ಅದೇ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಆಯ್ತು. ಅದರ ನಾಲ್ಕನೇ ಸೆಕ್ಷನ್ನಿನಲ್ಲಿ ಬಾವಿ, ಹೋಟೆಲು, ರಸ್ತೆ, ಛತ್ರ ಎಲ್ಲ ಆದ ಮೇಲೆ ಕೊನೆಗೆ ಇನ್ನೊಂದು ಬರುತ್ತೆ: ಒಡವೆ ಮತ್ತು ಅಲಂಕಾರದ ಉಡುಗೆ. ಅವನ್ನ ಹಾಕ್ಕೊಳ್ಳೋಕೆ ಯಾರನ್ನೂ ಅಸ್ಪೃಶ್ಯತೆಯ ಹೆಸರಲ್ಲಿ ತಡೆಯೋ ಹಾಗಿಲ್ಲ. ಅಂದ್ರೆ ನೀರಿನ ಹಕ್ಕಿನ ಸಾಲಿನಲ್ಲೇ ಅಂದದ ಹಕ್ಕನ್ನೂ ಬರೆದಿದ್ದಾರೆ. ಇದನ್ನ ನಾನು ಮೊದಲ ಸಲ ಓದಿದಾಗ ಎರಡು ಸಲ ಓದಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೆ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಮ್ಮನ್ನ ಆಡಿಕೊಳ್ಳೋರು ಇವತ್ತಿಗೂ ಇದ್ದಾರೆ. ಮಲ್ಲಿಗೆ ಹೂವೂ ಹಕ್ಕೇ ಸ್ವಾಮಿ, ಕಾನೂನಿನಲ್ಲಿದೆ.

ಈಗ ಹಿರಿಯ ಸಂಗಾತಿಯ ಪ್ರಶ್ನೆಗೆ ಬರ್ತೀನಿ. 1927ರ ಡಿಸೆಂಬರ್, ಮಹಾಡ್. 25ನೇ ತಾರೀಖು ಮನುಸ್ಮೃತಿ ಸುಟ್ಟರು ಅನ್ನೋದು ಎಲ್ಲರಿಗೂ ಗೊತ್ತು. ಆ ಸಮ್ಮೇಳನದಲ್ಲೇ ಬಾಬಾಸಾಹೇಬರು ಹೆಂಗಸರನ್ನ ಉದ್ದೇಶಿಸಿ ಪ್ರತ್ಯೇಕವಾಗಿ ಮಾತಾಡಿದ್ದು ಕಡಿಮೆ ಜನಕ್ಕೆ ಗೊತ್ತು. ಮೊಣಕಾಲವರೆಗೆ ಎತ್ತಿ ಕಟ್ಟೋ ಸೀರೆ, ಕೈ ಕತ್ತು ತುಂಬ ತವರದ ಒಡವೆ, ಇವು ನೀವು ಯಾರು ಅಂತ ಸಾರಿ ಹೇಳೋ ಗುರುತುಗಳು, ಇವನ್ನ ಬಿಡಿ ಅಂದ್ರು. ಬಟ್ಟೆ ಹರಿದಿದ್ರೂ ಪರವಾಗಿಲ್ಲ, ಶುಚಿಯಾಗಿರಲಿ ಅಂದ್ರು. ಸಮ್ಮೇಳನ ಮುಗಿಯೋದರೊಳಗೇ ಹೆಂಗಸರು ಸೀರೆ ಉಡೋ ರೀತಿ ಬದಲಾಯಿಸಿದ್ರು. ಒಂದು ಭಾಷಣಕ್ಕೆ ಅಷ್ಟು ಬೇಗ ಉತ್ತರ ಕೊಟ್ಟ ಸಭೆ ಇನ್ನೊಂದು ಇದೆಯೋ ಇಲ್ಲವೋ.

ಬಾಬಾಸಾಹೇಬರು ಅಲ್ಲಿ ತೆಗೆಸಿದ್ದು ಯಾವ ಗುರುತು? ಬೇರೆಯವರು ನಮ್ಮ ಮೇಲೆ ಹೇರಿದ ಗುರುತು. ಅವರ ಸೂಟೂ ಅದೇ ಕೆಲಸ ಮಾಡ್ತು. ಮನು ಹೇಳಿದ ಹೆಣದ ಬಟ್ಟೆಗೆ ಎದುರಾಗಿ ಇಸ್ತ್ರಿ ಮಾಡಿದ ಸೂಟು. ಹಿರಿಯರ ಮಾತು ಅಲ್ಲಿವರೆಗೆ ಸರಿ. ಆದರೆ ಗುರುತು ಅಳಿಸಿದ ಮೇಲೆ ಉಳಿದ ಆ ಖಾಲಿ ಬಟ್ಟೆಯ ಮೇಲೆ ಏನು ಬರೀಬೇಕು ಅನ್ನೋದನ್ನ ಅದನ್ನ ಹಾಕ್ಕೊಳ್ಳೋ ಹುಡುಗಿ ತೀರ್ಮಾನ ಮಾಡ್ತಾಳೆ. ಅದು ಅಂಬೇಡ್ಕರ್‌ಗೆ ವಿರುದ್ಧ ಹೇಗಾಗುತ್ತೆ? ಅವರೇ 1942ರಲ್ಲಿ ಪರಿಶಿಷ್ಟ ಜಾತಿಗಳ ಫೆಡರೇಶನ್ ಕಟ್ಟಿದಾಗ ನೀಲಿ ಬಾವುಟ ಹಿಡಿದ್ರಲ್ಲ. ಅದೂ ಬಟ್ಟೆಯ ಮೇಲೆ ನಾವೇ ಹಾಕಿಕೊಂಡ ಬಣ್ಣವೇ.

ನಮ್ಮ ರಾಜ್ಯದ ದಲಿತ ಚಳವಳಿಯಲ್ಲೂ ಬಟ್ಟೆ ಒಂದು ರಣರಂಗ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ನಿಲ್ಲಿಸೋಕೆ ದಲಿತ ಸಂಘರ್ಷ ಸಮಿತಿಯವರು ಹೋದ್ರು. ಬೆತ್ತಲಾಗ್ತಿದ್ದವರಲ್ಲಿ ಬಹಳಷ್ಟು ಜನ ನಮ್ಮವರೇ, ಹಿಂದುಳಿದವರೇ. ಬಟ್ಟೆ ಉಟ್ಕೊಳ್ಳಿ ಅಂದವರ ಬಟ್ಟೆಯನ್ನೇ ಕಿತ್ತು ಹಾಕಿ ಹೊಡೆದ್ರು. ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಸೇವೆ ನಿಷೇಧಿಸಿತು. ಹೇರಿದ ಗುರುತಿಗೆ ಬಟ್ಟೆ ಕಿತ್ತುಕೊಳ್ಳೋದೂ ಒಂದು ರೂಪ.

ಬರೆಯೋ ಕೆಲಸ ಬಂದದ್ದು ಬ್ಯಾನರ್‌ನಿಂದ. ಫ್ಲೆಕ್ಸ್ ಬರೋಕೆ ಮುಂಚೆ ಜಾಥಾ ಇದ್ರೆ ಹಿಂದಿನ ರಾತ್ರಿ ಬಿಳಿ ಬಟ್ಟೆ ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬ್ರಷ್ಷಲ್ಲಿ ಅಕ್ಷರ ಬರೀತಿದ್ರು. ಚೆನ್ನಾಗಿ ಬರೆಯೋ ಕೈ ಪ್ರತಿ ಹೋಬಳಿಗೂ ಒಂದಿರ್ತಿತ್ತು. ನಮ್ಮಪ್ಪ ಹೇಳೋ ಪ್ರಕಾರ ಗೋಡೆ ಬರಹಕ್ಕೆ ಬಣ್ಣ ತರೋಕೆ ಕಾಸಿಲ್ಲದಿದ್ರೆ ಸುಣ್ಣಕ್ಕೆ ಬಟ್ಟೆಗೆ ಹಾಕೋ ನೀಲಿ ಕಲಸಿಬಿಡ್ತಿದ್ರು. ಮಳೆ ಬಂದ್ರೆ ಘೋಷಣೆ ಕರಗಿ ಚರಂಡಿಗೆ. ಫ್ಲೆಕ್ಸ್ ಬಂದು ಆ ಕೈಗಳನ್ನೆಲ್ಲ ಮನೆಗೆ ಕಳಿಸ್ತು. ಈಗ ನಮ್ಮ ಹುಡುಗರಿಗೆ ಬ್ರಷ್ ಹಿಡಿಯೋದು ಹೇಳಿಕೊಟ್ಟವರೂ ಅಂಥ ಒಬ್ಬ ಹಳೇ ಬೋರ್ಡ್ ಬರೆಯೋರು. ಅಕ್ಷರದ ಕೆಳಗೆ ದಾರ ಹಿಡಿದು ಗೆರೆ ಹಾಕೋದನ್ನ ಅವರು ತೋರಿಸಿದಾಗ ಫೋನ್ ಬಿಟ್ಟು ಕತ್ತೆತ್ತಿದ ಮಕ್ಕಳನ್ನ ನೋಡಬೇಕಿತ್ತು ನೀವು.

ಬಟ್ಟೆ ಎಲ್ಲಿಂದ ಬಂತು ಅಂತಲೂ ಹೇಳ್ತೀನಿ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕ್, ನೆಲಮಂಗಲ, ಹೊಸಕೋಟೆ ಕಡೆಯ ಗಾರ್ಮೆಂಟ್ಸ್‌ಗಳಿಗೆ ಬೆಳಗಾಗೋ ಮುಂಚೆ ವ್ಯಾನು ತುಂಬಿ ಹೋಗೋರಲ್ಲಿ ನಮ್ಮ ಕಾಲೋನಿಗಳ ಹೆಂಗಸರು ಎಷ್ಟು ಜನ! 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯೋಕೆ ಕೇಂದ್ರ ಸರ್ಕಾರ ಅಡ್ಡಗಾಲು ಹಾಕಿದಾಗ, ಯಾವ ಪಕ್ಷವೂ ಕರೆಯದೆ ಬೀದಿಗಿಳಿದು ಎರಡೇ ದಿನದಲ್ಲಿ ಆ ಆದೇಶ ವಾಪಸ್ ತೆಗೆಸಿದ್ದು ಬೆಂಗಳೂರಿನ ಇಂಥ ಹೆಂಗಸರೇ. ದಿನಕ್ಕೆ ಸಾವಿರ ಕಾಲರ್ ಹೊಲಿಯೋ ಕೈಗೆ ಆ ಶರ್ಟಿನ ಬಣ್ಣ ಆರಿಸೋ ಅಧಿಕಾರ ಇರಲ್ಲ. ಬಣ್ಣ ಯಾವುದೋ ದೇಶದಿಂದ ಬಂದಿರುತ್ತೆ, ಡಿಸೈನ್ ಯಾವುದೋ ದೇಶದಿಂದ ಬಂದಿರುತ್ತೆ. ಅಂಥ ಫ್ಯಾಕ್ಟರಿಗಳಲ್ಲಿ ಉಳಿದ ಪ್ಲೇನ್ ಟೀ ಶರ್ಟುಗಳು ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ನಾವು ತಂದದ್ದು ಅದನ್ನೇ. ಅಮ್ಮ ಹೊಲಿದಿರಬಹುದಾದ ಬಟ್ಟೆ ಮೇಲೆ ಮಗಳು ತನಗೆ ಬೇಕಾದ ಬಣ್ಣ ಹಾಕಿದ್ಲು.

ಮಾಡೋ ರೀತಿ ಕೇಳಿದವರಿಗೆ. ಹೊಸ ಬಟ್ಟೆ ಆದ್ರೆ ಮೊದಲು ಒಗೆದು ಗಂಜಿ ಬಿಡಿಸಿ, ಇಲ್ದಿದ್ರೆ ಬಣ್ಣ ಮೇಲೇ ಕೂತು ಸಿಪ್ಪೆ ಏಳುತ್ತೆ. ಹತ್ತಿ ಬಟ್ಟೆ ಒಳ್ಳೇದು, ಪಾಲಿಯೆಸ್ಟರ್ ಅಷ್ಟು ಹಿಡಿಯಲ್ಲ. ಶರ್ಟಿನೊಳಗೆ ರಟ್ಟು ಇಡಿ, ಬೆನ್ನಿಗೆ ಇಳಿಯದ ಹಾಗೆ. ನೀರು ಜಾಸ್ತಿ ಬೆರೆಸಿದ್ರೆ ಬಣ್ಣ ಹರಡುತ್ತೆ. ಮುಖ, ಅಕ್ಷರಗಳಿಗೆ ಹಳೇ ಎಕ್ಸ್‌ರೇ ಹಾಳೆ ಕತ್ತರಿಸಿ ಅಚ್ಚು ಮಾಡ್ಕೊಳ್ಳಿ, ಸ್ಪಂಜಲ್ಲಿ ಒತ್ತಿ. ಚಿಕ್ಕ ಮಕ್ಕಳಿಗೆ ಬೆಂಡೆಕಾಯಿ ಅಡ್ಡ ಕುಯ್ದು ಕೊಟ್ರೆ ಸಾಕು, ಹೂವಿನ ಸಾಲೇ ಬಿಡಿಸ್ತಾರೆ. ಒಂದು ದಿನ ಪೂರ್ತಿ ಒಣಗಿದ ಮೇಲೆ ಒಳಮೈ ಕಡೆಯಿಂದ ಇಸ್ತ್ರಿ ಹಾಕಿ, ಮೂರು ದಿನ ಒಗೀಬೇಡಿ. ಕ್ಯಾನ್ವಾಸ್ ಶೂಗೆ ಲೇಸ್ ತೆಗೆದು, ತೊಳೆದು ಒಣಗಿಸಿ, ಒಳಗೆ ನ್ಯೂಸ್‌ಪೇಪರ್ ತುರುಕಿ ಬರೀರಿ. ಚರ್ಮದ್ದಕ್ಕೆ ಈ ಬಣ್ಣ ನಿಲ್ಲಲ್ಲ. ಮೇಲಿನ ಪಾಲಿಶ್ ಪೂರ್ತಿ ಒರೆಸಿ ತೆಗೆದು, ಚರ್ಮಕ್ಕೇ ಅಂತ ಬರೋ ಬಣ್ಣ ಹಾಕಬೇಕು, ಅದು ದುಬಾರಿ.

ಶೂ ವಿಷಯಕ್ಕೆ ಅವತ್ತು ಜೋರು ಜಗಳವೇ ಆಯ್ತು. ಒಬ್ಬ ಹುಡುಗ ಅಶೋಕ ಚಕ್ರ ಬರೀತೀನಿ ಅಂದ, ಇನ್ನೊಬ್ಬಳು ಬಾಬಾಸಾಹೇಬರ ಕನ್ನಡಕ ಬರೀತೀನಿ ಅಂದ್ಲು. ದೊಡ್ಡವರು ಬೇಡ ಅಂದ್ರು, ಕಾಲಿಗೆ ಹಾಕೋದರ ಮೇಲೆ ಅದೆಲ್ಲ ಬರೀತಾರಾ ಅಂತ. ಆ ಹುಡುಗಿ ಕೇಳಿದ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು. "ಕಾಲು ಕೀಳು ಅಂತ ಹೇಳಿದ್ದು ಯಾರಣ್ಣ? ಕಾಲಿಂದ ಹುಟ್ಟಿದೋರು ಶೂದ್ರರು ಅಂತ ಹೇಳಿದೋರೇ ಅಲ್ವಾ?" ತರ್ಕದಲ್ಲಿ ಅವಳೇ ಗೆದ್ದಳು. ಆದರೂ ಬೇಡ ಅನ್ನೋರ ಪರವೇ ನಾನು ನಿಂತೆ, ಕಾರಣ ಬೇರೆ. ಎಷ್ಟು ಊರಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದಾರೆ. ಆ ಮುಖ, ಆ ಮೆಟ್ಟು ಒಟ್ಟಿಗೆ ಕಂಡ್ರೆ ನಮ್ಮ ಅಮ್ಮಂದಿರಿಗೆ ನೆನಪಾಗೋದು ಆ ಬೆಳಗಿನ ಜಾವ. ಆ ಗಾಯ ಇರೋವರೆಗೂ ಅದನ್ನ ಕೆದಕಬಾರದು. ಚಕ್ರ ರಾಷ್ಟ್ರಧ್ವಜದಲ್ಲಿರೋದು, ಅದಕ್ಕೊಂದು ಕೇಸು ಹಾಕೋಕೆ ಕಾಯ್ತಾ ಕೂತಿರೋರು ಊರಲ್ಲಿ ಕಡಿಮೆ ಇಲ್ಲ.

ಕೊನೆಗೆ ಆ ಹುಡುಗಿ ತನ್ನ ಬಿಳಿ ಶೂ ಮೇಲೆ ಬರೆದಿದ್ದು ರಂಪಿಗೆ, ದಬ್ಬಳ, ಸುತ್ತ ಹೊಲಿಗೆಯ ಚುಕ್ಕಿ. ಅವಳ ತಾತನ ಕಸುಬಿನ ಸಾಮಾನು. ಇನ್ನೊಬ್ಬ ತಮಟೆ ಬರೆದ. ಆ ಶೂ ಹಾಕ್ಕೊಂಡು ಕಾಲೇಜಿಗೆ ಹೋದಾಗ ಸ್ನೇಹಿತೆ ಇದೇನೇ ಅಂತ ಕೇಳಿದ್ಲಂತೆ. ಮೊದಲನೇ ಸಲ ಜಾತಿ ಹೇಳ್ಕೊಂಡೆ, ತಲೆ ತಗ್ಗಿಸದೆ, ಅಂದ್ಲು. ಮೀಸಲಾತಿ ಸರ್ಟಿಫಿಕೇಟು ತೋರಿಸುವಾಗ ತಲೆ ತಗ್ಗಿಸಿದ ಮಗು ಅದು.

ಇಂಥದ್ದು ಬೇರೆ ಕಡೆಯೂ ನಡೀತಿದೆ. ಬಿಹಾರದ ಮಾಳವಿಕಾ ರಾಜ್ ಮಧುಬನಿ ಶೈಲಿಯಲ್ಲೇ ಬುದ್ಧ, ಅಂಬೇಡ್ಕರರನ್ನ ಬರೆದ್ರು. ಮುಂಬೈನ ಸುಧೀರ್ ರಾಜಭರ್ ತಮ್ಮ ಬ್ಯಾಗಿನ ಅಂಗಡಿಗೆ 'ಚಮಾರ್ ಸ್ಟುಡಿಯೋ' ಅಂತಲೇ ಹೆಸರಿಟ್ರು, ಬೈಗುಳವನ್ನೇ ಬ್ರ್ಯಾಂಡ್ ಮಾಡಿದ್ರು. ನಮ್ಮಲ್ಲಿ 1976ರಿಂದ ಲಿಡ್ಕರ್ ಇದೆ, ಚರ್ಮ ಕುಶಲಕರ್ಮಿಗಳ ನಿಗಮ. ಅದರ ಶೋರೂಮ್‌ನಲ್ಲಿ ಹೊಲಿದವರ ಕೈಗುರುತು ಇರೋ, ಅವರದೇ ಚಿತ್ತಾರದ ಒಂದು ಜೊತೆ ಮೆಟ್ಟು ಯಾಕಿರಬಾರದು ಅಂತ ನನಗೊಂದು ಆಸೆ.

ಇನ್ನೊಂದು ಮಾತು, ಶೋಕಿ ಅಂದವರಿಗೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಉಳಿಸೋಕೆ 2022ರ ಏಪ್ರಿಲ್‌ನಿಂದ ಕೂತಿದ್ರಲ್ಲ. ಸಣ್ಣಪುಟ್ಟ ಜಮೀನಿನ ದಲಿತ ರೈತರು ಅವರಲ್ಲಿ ಎಷ್ಟೋ ಜನ. ನಾನು ಹೋದಾಗೆಲ್ಲ ಮೊದಲು ಕಣ್ಣಿಗೆ ಬೀಳ್ತಿದ್ದುದು ಹೆಗಲುಗಳು. ಹಸಿರು ಶಾಲು, ನೀಲಿ ಶಾಲು, ನಡುನಡುವೆ ಕೆಂಪು. ಒಬ್ಬ ಅಜ್ಜ ಎರಡು ಶಾಲನ್ನೂ ಗಂಟು ಹಾಕಿ ಹೊದ್ದಿದ್ರು, ಯಾವ ಸಂಘಟನೆ ತಾತ ಅಂದ್ರೆ "ಜಮೀನಿನ ಸಂಘಟನೆ" ಅಂದ್ರು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳು ಭೂಸ್ವಾಧೀನ ಕೈಬಿಟ್ಟಿದ್ದೀವಿ ಅಂತ ಘೋಷಿಸಿದ್ರು. ಗೆಲ್ಲಿಸಿದ್ದು ಶಾಲಲ್ಲ, ಮೂರು ವರ್ಷ ಎದ್ದೇಳದೆ ಕೂತವರು. ಆದರೆ ಆ ಬಣ್ಣ ಇಲ್ಲದೆ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ಸರ್ಕಾರಕ್ಕೆ ಕಾಣ್ತಿರಲಿಲ್ಲ.

ಮುಂದಿನ ಭಾನುವಾರ ಮತ್ತೆ ಕೂತ್ಕೋತೀವಿ, ಅದೇ ಸಮುದಾಯ ಭವನದಲ್ಲಿ. ಬೈದ ಹಿರಿಯರನ್ನೂ ಕರೆದಿದ್ದೀನಿ. ಬರ್ತೀನಿ, ಆದ್ರೆ ನನ್ನ ಬಿಳಿ ಶರ್ಟ್ ಮುಟ್ಟೋ ಹಾಗಿಲ್ಲ ಅಂದಿದ್ದಾರೆ. ಬಣ್ಣ, ಬ್ರಷ್ ನಮ್ಮ ಕಡೆಯಿಂದ. ಬಟ್ಟೆ ನೀವು ತನ್ನಿ, ಒಗೆದು ತನ್ನಿ.

ಜೈ ಭೀಮ್.